ರಾಮಗಂಗೆಯ ಕಣಿವೆಯಲ್ಲಿ: ಕಾರ್ಬೆಟ್ ರಾಷ್ಟ್ರೀಯ ಉದ್ಯಾನ

ಉತ್ತರಾಖಂಡ ರಾಜ್ಯದ ನೈನಿತಾಲ್ ಮತ್ತು ಪೌರಿ ಗಢವಾಲ್ ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಕಾರ್ಬೆಟ್ ರಾಷ್ಟ್ರೀಯ ಉದ್ಯಾನವು ನಮ್ಮ ದೇಶದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾಗಿದೆ. 1936ರಲ್ಲಿ ಇದನ್ನು ಸ್ಥಾಪಿಸಿದಾಗ ಅಂದಿನ ಸಂಯುಕ್ತ ಪ್ರಾಂತದ ಮಾಜಿ ಗವರ್ನರ್ ಮಾಲ್ಕಮ್ ಹೇಲಿಯವರ ಹೆಸರನ್ನು ಇಡಲಾಗಿತ್ತು. ಸ್ವಾತಂತ್ರ್ಯಾನಂತರ ಕೆಲಕಾಲ ರಾಮಗಂಗಾ ಉದ್ಯಾನವೆಂದು ಕರೆಯಲಾಯಿತು. ನರಭಕ್ಷಕ ಹುಲಿಗಳ ಬೇಟೆಗಾರರಾಗಿ ಹೆಸರಾಗಿ, ಮುಂದೆ ಹುಲಿಯ ಉಳಿವಿಗಾಗಿಯೇ ವಾದಿಸಿದ ಜಿಮ್ ಕಾರ್ಬೆಟ್ ಅವರು 1955ರಲ್ಲಿ ಕೀನ್ಯಾದಲ್ಲಿ ನಿಧನರಾದ ಬಳಿಕ ಈಗಿನ ಹೆಸರು ಬಂದಿತು. ಪೂರ್ಣಚಂದ್ರ ತೇಜಸ್ವಿಯವರ ಬರವಣಿಗೆಯ ಮೂಲಕ ರುದ್ರಪ್ರಯಾಗದ ನರಭಕ್ಷಕ ಚಿರತೆಯ ವೃತ್ತಾಂತವನ್ನು ಓದಿರುವ ಕನ್ನಡಿಗರಿಗೆ ಕಾರ್ಬೆಟ್ ಅವರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ.

1973ರ ಏಪ್ರಿಲ್ 1ರಂದು 'ಹುಲಿ ಯೋಜನೆ'ಯು ಇದೇ ಉದ್ಯಾನದ ಢಿಕಾಲಾದಲ್ಲಿ ಉದ್ಘಾಟನೆಗೊಂಡಿತು. ಯೋಜನೆಯ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಕರ್ನಾಟಕದ ಬಂಡೀಪುರವೂ ಒಂದಾಗಿತ್ತು. 2022ರ ಅಂದಾಜಿನಂತೆ ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ 260 ಹುಲಿಗಳಿದ್ದವು. ದೇಶದ ಬೇರಾವ ಮೀಸಲು ಪ್ರದೇಶದಲ್ಲಿಯೂ ಅಂದು ಇಷ್ಟು ಹುಲಿಗಳಿರಲಿಲ್ಲ. ಅದಕ್ಕೆ ನಂತರದ ಸ್ಥಾನದಲ್ಲಿದ್ದ ಬಂಡೀಪುರದ ಸಂಖ್ಯೆ 150.

ಇಷ್ಟೊಂದು ಪ್ರಾಣಿಗಳನ್ನು ಈ ನೆಲವು ಸಾಕುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಮೊದಲು ನೀರಿನ ಕಥೆಯನ್ನು ತಿಳಿಯಬೇಕು. ಹಿಮಾಲಯದಿಂದ ಇಳಿದುಬರುವ ಹೊಳೆಗಳು ತಪ್ಪಲಿಗೆ ಬಂದೊಡನೆ ತಾವು ಹೊತ್ತು ತಂದ ಗುಂಡುಕಲ್ಲು, ಜಲ್ಲಿಗಳನ್ನು ಅಲ್ಲಿಯೇ ಸುರಿಯುತ್ತವೆ. 'ಭಾಬರ್' ಎಂದು ಕರೆಯಲ್ಪಡುವ ಈ ಜಲ್ಲಿಯ ಪಟ್ಟಿಯಲ್ಲಿ ನೀರು ನೆಲದೊಳಕ್ಕೆ ಇಂಗಿಹೋಗಿ, ಮಳೆಗಾಲ ಕಳೆದ ಮೇಲೆ ಅನೇಕ ಹಳ್ಳಗಳು ಬರಿಯ ಕಲ್ಲಿನ ಹಾದಿಗಳಂತೆ ಕಾಣುತ್ತವೆ. ಇಂಗಿದ ನೀರು ಇನ್ನೂ ದಕ್ಷಿಣಕ್ಕೆ, 'ತರಾಯಿ'ಯ ಜೌಗು ನೆಲದಲ್ಲಿ ಮತ್ತೆ ಮೇಲಕ್ಕೆ ಬರುತ್ತದೆ. ಆದುದರಿಂದ ಬೇಸಿಗೆಯಲ್ಲಿ ಉದ್ಯಾನದ ಜೀವಕೋಟಿಯೆಲ್ಲವೂ ವರ್ಷವಿಡೀ ಹರಿಯುವ ರಾಮಗಂಗಾ ನದಿಯನ್ನೇ ಮುಖ್ಯವಾಗಿ ಆಶ್ರಯಿಸುತ್ತದೆ. ಗಢವಾಲದ ದೂಧಾತೋಲಿ ಬೆಟ್ಟಗಳಲ್ಲಿ ಹುಟ್ಟುವ ಈ ನದಿಯು ಹಿಮನದಿಯಿಂದ ಹೊರಟದ್ದಲ್ಲ; ಮಳೆ ಮತ್ತು ಒರತೆಗಳಿಂದ ತುಂಬಿಕೊಂಡು ಪಾತ್ಲಿ ದೂನ್ ಕಣಿವೆಯನ್ನು ಹಾದು ಬಯಲುನಾಡಿಗೆ ಇಳಿಯುತ್ತದೆ.

ನದಿಯ ಇಕ್ಕೆಲಗಳಲ್ಲಿ ಸಾಲ್ ವೃಕ್ಷಗಳ ಕಾಡು, ಹೊಳೆಯ ಅಂಚಿನಲ್ಲಿ ಶೀಶಮ್ ಮತ್ತು ಕಗ್ಗಲಿ, ನಡುನಡುವೆ 'ಚೌಡ್' ಎಂಬ ವಿಶಾಲವಾದ ಹುಲ್ಲುಗಾವಲುಗಳು. ಉದ್ಯಾನದ ಐಶ್ವರ್ಯವಿರುವುದು ಈ ಹುಲ್ಲುಗಾವಲುಗಳಲ್ಲಿ. ಸಾಲ್ ಕಾಡು ನೋಡಲು ಗಂಭೀರವಾಗಿದ್ದರೂ ಅದರ ನೆರಳಿನಲ್ಲಿ ಮೇಯುವ ಪ್ರಾಣಿಗಳಿಗೆ ದೊರೆಯುವ ಮೇವು ಅಲ್ಪವೇ. 1974ರಲ್ಲಿ ಕಾಲಾಗಢದ ಬಳಿ ರಾಮಗಂಗೆಗೆ ಅಣೆಕಟ್ಟು ಕಟ್ಟಿದಾಗ ಕಣಿವೆಯ ಅತ್ಯುತ್ತಮ ಹುಲ್ಲುಗಾವಲುಗಳ ದೊಡ್ಡ ಭಾಗವೊಂದು ನೀರಿನಲ್ಲಿ ಮುಳುಗಿತು. ಅದು ತುಂಬಲಾಗದ ನಷ್ಟ. ಆದರೂ ಬೇಸಿಗೆಯಲ್ಲಿ ಜಲಾಶಯದ ನೀರು ಹಿಂದೆ ಸರಿದಂತೆ ಹೊರಬರುವ ಹಸಿ ನೆಲದ ಮೇಲೆ ಎಳೆಹುಲ್ಲು ಚಿಗುರುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಆನೆಗಳು ಮರಿಗಳೊಡನೆ ದೊಡ್ಡ ಹಿಂಡುಗಳಾಗಿ ಢಿಕಾಲಾದ ಬಯಲಿಗೆ ಇಳಿದುಬರುವುದು ಇದೇ ಕಾರಣದಿಂದ. ಹುಲಿ ಕಾಣದೆ ಹೋದರೂ ಈ ಒಂದು ನೋಟಕ್ಕಾಗಿ ಬೇಸಿಗೆಯ ಬಿಸಿಲನ್ನು ಸಹಿಸಿಕೊಳ್ಳಬಹುದು.

ನಾಗರಹೊಳೆ, ಬಂಡೀಪುರಗಳನ್ನು ನೋಡಿ ಬಂದವರು ಇಲ್ಲಿ ಕಾಟಿಯನ್ನು ಹುಡುಕಬಾರದು; ಅದು ಇಲ್ಲಿಲ್ಲ. ಕಡವೆ, ಚುಕ್ಕೆಜಿಂಕೆ, ಕಾಡುಕುರಿ, ಮುಸುವಗಳು ಪರಿಚಿತವೇ. ಹುಲ್ಲಿನಲ್ಲಿ ತಲೆ ತಗ್ಗಿಸಿ ಹಂದಿಯಂತೆ ನುಗ್ಗಿ ಓಡುವ 'ಪಾಢಾ' ಎಂಬ ಗಿಡ್ಡ ಜಿಂಕೆ ಮಾತ್ರ ದಕ್ಷಿಣದವರಿಗೆ ಹೊಸದು. ನದಿಯಲ್ಲಿ ಸಾಮಾನ್ಯ ಮೊಸಳೆಯೊಡನೆ, ಮೀನನ್ನೇ ತಿಂದು ಬದುಕುವ ನೀಳ ಮೂತಿಯ ಘರಿಯಾಲ್ ಮೊಸಳೆಯೂ ಇದೆ. ಢಿಕಾಲಾ ಹಾದಿಯ ಎತ್ತರದ ದಂಡೆಯೊಂದರಿಂದ ಕೆಳಗಿನ ಮಡುವಿನಲ್ಲಿ ಇವನ್ನೂ ಮಹಶೀರ್ ಮೀನುಗಳನ್ನೂ ನೋಡಬಹುದು. ಚಳಿಗಾಲದಲ್ಲಿ ಎತ್ತರದ ಹಿಮಾಲಯದಿಂದ ಇಳಿದುಬರುವ ಪಕ್ಷಿಗಳಿಗಾಗಿಯೇ ಇಲ್ಲಿಗೆ ಬರುವವರು ಅನೇಕರಿದ್ದಾರೆ.

ಉದ್ಯಾನದ ಮುಖ್ಯ ದ್ವಾರಪಟ್ಟಣ ರಾಮನಗರ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಿಂದ ಬರುವವರು ದೆಹಲಿಗೆ ಬಂದು, ಅಲ್ಲಿಂದ ರೈಲು ಅಥವಾ ರಸ್ತೆಯ ಮೂಲಕ ಸುಮಾರು 260 ಕಿಲೋಮೀಟರ್ ಪಯಣಿಸುವುದು ರೂಢಿ. ಪ್ರವಾಸಿಗರಿಗಾಗಿ ಉದ್ಯಾನವನ್ನು ಢಿಕಾಲಾ, ಬಿಜರಾನಿ, ಝಿರನಾ, ಢೇಲಾ, ದುರ್ಗಾದೇವಿ ಮೊದಲಾದ ವಲಯಗಳಾಗಿ ವಿಂಗಡಿಸಲಾಗಿದೆ. ಮಳೆಗಾಲದಲ್ಲಿ ಒಣಹಳ್ಳಗಳು ಕ್ಷಣಮಾತ್ರದಲ್ಲಿ ಉಕ್ಕಿ ಕಾಡುದಾರಿಗಳನ್ನು ಕಡಿದುಹಾಕುವುದರಿಂದ ಢಿಕಾಲಾ ವಲಯವನ್ನು ಜೂನ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಮುಚ್ಚಲಾಗುತ್ತದೆ. ಕಾಡಿನೊಳಗಿನ ಅರಣ್ಯ ವಿಶ್ರಾಂತಿಗೃಹಗಳಲ್ಲಿ ತಂಗಲು ಬಹಳ ಮುಂಚಿತವಾಗಿ ಅರಣ್ಯ ಇಲಾಖೆಯ ಅಧಿಕೃತ ವ್ಯವಸ್ಥೆಯ ಮೂಲಕವೇ ಸ್ಥಳ ಕಾಯ್ದಿರಿಸತಕ್ಕದ್ದು. ಅಧಿಕೃತವೆಂದು ತೋರಿಸಿಕೊಂಡು ಹಣ ಪಡೆಯುವ ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ ಅಗತ್ಯ. ಗುರುತಿನ ಚೀಟಿಯ ಮೂಲಪ್ರತಿ ಜೊತೆಯಲ್ಲಿರಬೇಕು. ಢಿಕಾಲಾದಲ್ಲಿ ಮಾಂಸಾಹಾರಕ್ಕೂ ಮದ್ಯಕ್ಕೂ ಅವಕಾಶವಿಲ್ಲ.

ಕಾಡಿನಲ್ಲಿ ಹುಲಿಯನ್ನು ಹುಡುಕುವುದೆಂದರೆ ಬಹುಮಟ್ಟಿಗೆ ಕೇಳಿಸಿಕೊಳ್ಳುವುದೇ ಆಗಿದೆ. ಮರದ ಮೇಲಿನ ಮುಸುವವು ಒರಟಾಗಿ ಕೆಮ್ಮಿದಂತೆ ಕೂಗುತ್ತದೆ. ಜಿಂಕೆಯು ಒಮ್ಮೆಲೇ ತೀಕ್ಷ್ಣವಾಗಿ ಅರಚುತ್ತದೆ. ಕಡವೆಯ ಗಡುಸಾದ ಕೂಗು ಬಂದರಂತೂ ಹುಲಿ ಅಥವಾ ಚಿರತೆ ಸಮೀಪದಲ್ಲಿದೆಯೆಂದೇ ಮಾರ್ಗದರ್ಶಕರು ಎಣಿಸುತ್ತಾರೆ. ವಾಹನವನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಕೆಲವು ನಿಮಿಷ ಸುಮ್ಮನಿದ್ದರೆ ಕೂಗು ಯಾವ ದಿಕ್ಕಿಗೆ ಸರಿಯುತ್ತಿದೆಯೆಂಬುದು ತಿಳಿಯುತ್ತದೆ. ಆದರೆ ಒಂದು ವಾಹನದ ಸುತ್ತ ಹತ್ತು ವಾಹನಗಳು ಬಂದು ನೆರೆದಾಗ ಪ್ರಾಣಿಯು ದಾರಿ ದಾಟಲಾರದೆ ಹಿಂದಿರುಗುತ್ತದೆ. ಮರಿಗಳು ರಸ್ತೆಯ ಆಚೆಗೂ ತಾಯಿ ಈಚೆಗೂ ಉಳಿದುಹೋದರೆ ಅಪಾಯವು ಎರಡು ಕಡೆಗೂ ಇದೆ. ಇನ್ನಷ್ಟು ಹತ್ತಿರಕ್ಕೆ ಒಯ್ಯುವಂತೆ ಚಾಲಕನಿಗೆ ಹಣದ ಆಸೆ ತೋರಿಸುವುದು ಪ್ರವಾಸಿಗನ ಉತ್ಸಾಹವೆಂದು ಕ್ಷಮಿಸತಕ್ಕ ವಿಷಯವಲ್ಲ. ಆ ಚಾಲಕನೂ ಮಾರ್ಗದರ್ಶಕನೂ ಸಾಮಾನ್ಯವಾಗಿ ಸುತ್ತಲಿನ ಊರುಗಳವರು. ನಿಯಮ ಮುರಿದುದಕ್ಕೆ ಜೀವನೋಪಾಯ ಕಳೆದುಕೊಳ್ಳುವವರು ಅವರೇ.

ಸುತ್ತಲಿನ ಹಳ್ಳಿಗಳ ಪಾಲಿಗೆ ಹುಲಿಯು ನೋಡಿ ಮರಳುವ ವಸ್ತುವಲ್ಲ. ಮೇಯಲು ಹೋದ ಎಮ್ಮೆ ಹಿಂದಿರುಗುವುದಿಲ್ಲ. ಕೆಲವೊಮ್ಮೆ ಹುಲ್ಲಿಗೋ ಸೌದೆಗೋ ಹೋದ ಹೆಂಗಸೇ ಹಿಂದಿರುಗುವುದಿಲ್ಲ. ಈಗ ಸಫಾರಿ ನಡೆಯುವ ಝಿರನಾ 1990ರ ದಶಕದವರೆಗೂ ಜನ ಉತ್ತು ಬಿತ್ತುತ್ತಿದ್ದ ಗ್ರಾಮವಾಗಿತ್ತು. ಅವರು ಬಿಟ್ಟುಹೋದ ಹೊಲಗಳೇ ಇಂದು ಜಿಂಕೆಗಳು ಮೇಯುವ ಬಯಲು. ಪೂರ್ವದ ಅಂಚಿನಲ್ಲಿ ಕೋಸಿ ನದಿಗುಂಟ ಹೆದ್ದಾರಿಯೂ ವಸತಿಗೃಹಗಳ ಸಾಲೂ ಬೆಳೆದು, ಆನೆಗಳೂ ಹುಲಿಗಳೂ ನದಿ ದಾಟಿ ಆಚೆಯ ಕಾಡಿಗೆ ಹೋಗುವ ಹಾದಿಗಳನ್ನು ಕಿರಿದುಗೊಳಿಸಿವೆ. ಪಾಖ್ರೋ ಪ್ರದೇಶದಲ್ಲಿ ನಡೆದ ಅಕ್ರಮ ಮರಕಡಿತ ಮತ್ತು ನಿರ್ಮಾಣಗಳನ್ನು ಸರ್ವೋಚ್ಚ ನ್ಯಾಯಾಲಯವು 2024ರ ಮಾರ್ಚ್‌ನಲ್ಲಿ ತೀವ್ರವಾಗಿ ಖಂಡಿಸಿ, ಹಾನಿಗೊಂಡ ಅರಣ್ಯದ ಪುನಃಸ್ಥಾಪನೆಗೆ ನಿರ್ದೇಶನ ನೀಡಿತು.

ಮರಳುವ ಹಾದಿಯಲ್ಲಿ ಅರ್ಧ ದಿನ ಉಳಿದರೆ ರಾಮನಗರದಿಂದ ನೈನಿತಾಲ್ ಕಡೆಗಿನ ರಸ್ತೆಯಲ್ಲಿರುವ ಕಾಲಾಢೂಂಗಿಯನ್ನು ನೋಡಬಹುದು. 1947ರಲ್ಲಿ ದೇಶ ಬಿಡುವವರೆಗೂ ಕಾರ್ಬೆಟ್ ಅವರು ಚಳಿಗಾಲವನ್ನು ಕಳೆಯುತ್ತಿದ್ದ ಮನೆ ಅಲ್ಲಿ ವಸ್ತುಸಂಗ್ರಹಾಲಯವಾಗಿದೆ. ಬೆಳೆಗಳನ್ನು ಕಾಡುಹಂದಿಗಳಿಂದ ಕಾಪಾಡಲು ಅವರು ಕಟ್ಟಿಸಿದ ಕಲ್ಲಿನ ಗೋಡೆಯನ್ನು ಸಮೀಪದ ಛೋಟಿ ಹಲ್ದ್ವಾನಿ ಗ್ರಾಮದಲ್ಲಿ ಊರವರು ಇಂದಿಗೂ ತೋರಿಸುತ್ತಾರೆ.