ಮೊಡವೆ ಮುಖಕ್ಕೆ ಎಣ್ಣೆಯೇ? ಯಾವ ಎಣ್ಣೆ, ಎಷ್ಟು ಹನಿ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪ್ರಶ್ನೆಗಳಲ್ಲಿ ಹಾಡಿನ ಕೋರಿಕೆಗಳನ್ನು ಬಿಟ್ಟರೆ ನಂತರದ ಸ್ಥಾನ ಮೊಡವೆಗೆ! ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದವರು, ವಿಜಯವಾಡದ ಹಾಸ್ಟೆಲುಗಳಲ್ಲಿ ಓದುತ್ತಿರುವ ಮಕ್ಕಳು, ಮದುವೆಯಾಗಿ ಈ ಸೀಮೆಗೆ ಬಂದ ಹೆಣ್ಣುಮಕ್ಕಳು, ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು. "ಊರಲ್ಲಿದ್ದಾಗ ಇರಲಿಲ್ಲ, ಇಲ್ಲಿಗೆ ಬಂದ ಮೇಲೆ ಮುಖದ ತುಂಬಾ ಗುಳ್ಳೆ." ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ. "ಅಜ್ಜಿ ಎಣ್ಣೆ ಹಚ್ಚು ಅಂತಾರೆ, ಬ್ಯೂಟಿ ಪಾರ್ಲರಿನವರು ಎಣ್ಣೆ ಮುಟ್ಟಲೇಬೇಡಿ ಅಂತಾರೆ. ಯಾರ ಮಾತು ಕೇಳೋಣ?"

ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜವಿದೆ. ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಇದನ್ನೆಲ್ಲ ಹೇಳಿ ಮುಗಿಸುವುದು ಆಗದ ಕೆಲಸ. ಅದಕ್ಕೇ ಈ ಸಲ ಪತ್ರಿಕೆಯಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮೊಡವೆ ಎಂದರೆ ಏನೆಂದು ನೋಡೋಣ. ತೆಲುಗಿನ ನೆರೆಯವರು ಇದಕ್ಕೆ 'ಮೊಟಿಮಲು' ಎನ್ನುತ್ತಾರೆ. ನಮ್ಮ ಚರ್ಮದ ಪ್ರತಿ ಕೂದಲ ಬುಡದಲ್ಲೂ ಒಂದು ಸಣ್ಣ ಜಿಡ್ಡಿನ ಗ್ರಂಥಿ ಇರುತ್ತದೆ. ಅದು ಸುರಿಸುವ ಜಿಡ್ಡಿನ ಹೆಸರು ಸೀಬಮ್. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಈ ಗ್ರಂಥಿ ಜೋರಾಗಿ ಕೆಲಸ ಮಾಡತೊಡಗುತ್ತದೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯ ಸತ್ತ ಕೋಶಗಳು ಸಲೀಸಾಗಿ ಹೊರಬೀಳದೆ ಅಂಟಿಕೊಂಡು ಬಾಯಿ ಕಟ್ಟುತ್ತವೆ. ಒಳಗೆ ನಿಂತ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನಿಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸುತ್ತಲಿನ ಚರ್ಮ ಕೆಂಪಾಗಿ ಊದಿಕೊಳ್ಳುತ್ತದೆ. ಇಷ್ಟೇ ಮೊಡವೆ. ಇದರಲ್ಲಿ ಕೊಳೆಯ ಪಾತ್ರ ಎಲ್ಲಿದೆ ಹೇಳಿ? ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯಲ್ಲ. ಚರ್ಮದ ಬಣ್ಣದ್ರವ್ಯ ಮತ್ತು ಜಿಡ್ಡು ಗಾಳಿಗೆ ಸೋಕಿ ಕಪ್ಪಾಗಿರುವುದು. ಆದ್ದರಿಂದ ದಿನಕ್ಕೆ ಎಂಟು ಸಲ ಸೋಪು ಹಾಕಿ ಉಜ್ಜುವವರು ದಯವಿಟ್ಟು ಎರಡು ಸಲಕ್ಕೆ ಇಳಿಸಿ.

ಇನ್ನು ಊರು ಬದಲಾದದ್ದಕ್ಕೂ ಮೊಡವೆಗೂ ಸಂಬಂಧವಿದೆಯೇ? ಇದೆ. ವಿಶಾಖಪಟ್ಟಣದಲ್ಲಿ ವರ್ಷದ ಬಹುಪಾಲು ಸಮುದ್ರದ ತೇವ. ವಿಜಯವಾಡದಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯೇ ಅಲ್ಲ. ಬೆವರಿನಲ್ಲಿ ನೆನೆದ ಚರ್ಮ ಉಬ್ಬಿ ರಂಧ್ರದ ಬಾಯಿ ಇನ್ನಷ್ಟು ಕಿರಿದಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ತಣ್ಣನೆಯ ದೇಶಗಳಿಂದ ಉಷ್ಣವಲಯಕ್ಕೆ ಬಂದ ಸೈನಿಕರಿಗೆ ಬೆನ್ನು, ಎದೆಯ ಮೇಲೆ ಎಷ್ಟು ಜೋರಾಗಿ ಮೊಡವೆ ಎದ್ದಿತೆಂದರೆ ವೈದ್ಯರು ಅದಕ್ಕೆ 'ಟ್ರಾಪಿಕಲ್ ಆ್ಯಕ್ನಿ' ಎಂದೇ ಹೆಸರಿಟ್ಟರು. ಧಾರವಾಡದ ಒಣಗಾಳಿಯಲ್ಲಿ ಹಿತವಾಗಿದ್ದ ಎಣ್ಣೆ ಗಾಜುವಾಕದ ಸೆಕೆಯಲ್ಲಿ ಮುಖದ ಮೇಲೆ ಕುಳಿತುಬಿಟ್ಟರೆ ಆಶ್ಚರ್ಯವೇನು?

ಸರಿ, ಎಣ್ಣೆಗೆ ಬರೋಣ.

ಎಲ್ಲ ಎಣ್ಣೆಯೂ ಒಂದೇ ಅಲ್ಲ. ಪ್ರತಿ ಎಣ್ಣೆಯಲ್ಲೂ ಬೇರೆ ಬೇರೆ ಕೊಬ್ಬಿನಾಮ್ಲಗಳು ಬೇರೆ ಬೇರೆ ಪ್ರಮಾಣದಲ್ಲಿರುತ್ತವೆ. ನಮ್ಮ ವಿಷಯಕ್ಕೆ ಮುಖ್ಯವಾದವು ಎರಡು, ಲಿನೋಲಿಕ್ ಆಮ್ಲ ಮತ್ತು ಓಲಿಕ್ ಆಮ್ಲ. ಮೊಡವೆಯಿರುವವರ ಚರ್ಮದ ಜಿಡ್ಡಿನಲ್ಲಿ ಲಿನೋಲಿಕ್ ಆಮ್ಲ ಕಡಿಮೆ ಇರುತ್ತದೆಂದು 1980ರ ದಶಕದಲ್ಲೇ ಸಂಶೋಧಕರು ಗಮನಿಸಿದ್ದರು. 1998ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಲಿನೋಲಿಕ್ ಆಮ್ಲ ಬೆರೆಸಿದ ಲೇಪವನ್ನು ಒಂದು ತಿಂಗಳು ಹಚ್ಚಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಮುಚ್ಚಿದ ರಂಧ್ರಗಳ ಗಾತ್ರ ಸುಮಾರು ಕಾಲು ಭಾಗ ತಗ್ಗಿತು. ಇದನ್ನು ಓದಿ ಅಡುಗೆಮನೆಗೆ ಓಡಬೇಡಿ! ಅಲ್ಲಿ ಹಚ್ಚಿದ್ದು ಬಿಡಿ ಆಮ್ಲ. ನಮ್ಮ ಬಾಟಲಿಯ ಎಣ್ಣೆಯಲ್ಲಿ ಅದು ಗ್ಲಿಸರಿನ್ನಿನ ಜೊತೆ ಕಟ್ಟಿಕೊಂಡಿರುತ್ತದೆ. ಎರಡೂ ಒಂದೇ ಕೆಲಸ ಮಾಡುತ್ತವೆಂದು ಹೇಳಲು ಬರುವುದಿಲ್ಲ. ಆದರೆ ಎಣ್ಣೆ ಹಚ್ಚಲೇಬೇಕೆಂದಿದ್ದರೆ ಲಿನೋಲಿಕ್ ಹೆಚ್ಚಿರುವುದನ್ನು ಆರಿಸಿ ಎನ್ನುವುದಕ್ಕೆ ಇದು ಸಾಕಷ್ಟು ಕಾರಣ.

ಹಾಗಾದರೆ ಅದು ಯಾವ ಎಣ್ಣೆ? ಇಲ್ಲಿ ಉತ್ತರ ಕರ್ನಾಟಕದವರು ಮೀಸೆ ತಿರುವಬಹುದು. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿಯ ಎರೆಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಕುಸುಬೆ ಇದೆಯಲ್ಲ, ಅದರ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಸುಮಾರು ಶೇಕಡಾ 75! ಆರ್ಗನ್ ಎಣ್ಣೆಗೆ ಮೊರಾಕ್ಕೊ ದೇಶದವರೆಗೆ ಹೋಗುವವರು ಮನೆಯ ಹಿತ್ತಿಲನ್ನು ಒಮ್ಮೆ ನೋಡಬೇಕು. ತೆಲುಗಿನಲ್ಲಿ ಇದು 'ಕುಸುಮ ನೂನೆ'. ಇಲ್ಲಿನ ಅಂಗಡಿಯಲ್ಲಿ ಸಿಗದಿದ್ದರೆ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹುಬ್ಬಳ್ಳಿ, ಗದಗದ ಕಡೆಯಿಂದ ಬರುವ ನೆಂಟರಿಗೆ ಒಂದು ಮಾತು ಹೇಳಿದರಾಯಿತು. ಸೂರ್ಯಕಾಂತಿ ಎಣ್ಣೆಯಲ್ಲೂ ಲಿನೋಲಿಕ್ ಆಮ್ಲ ಸಾಮಾನ್ಯವಾಗಿ ಶೇಕಡಾ 60ರ ಆಸುಪಾಸಿನಲ್ಲಿರುತ್ತದೆ. ಎಳ್ಳೆಣ್ಣೆಯಲ್ಲಿ, ಅಂದರೆ ಇಲ್ಲಿಯ 'ನುವ್ವುಲ ನೂನೆ'ಯಲ್ಲಿ, ಲಿನೋಲಿಕ್ ಮತ್ತು ಓಲಿಕ್ ಹೆಚ್ಚುಕಡಿಮೆ ಸಮಸಮ. ಆಯುರ್ವೇದದ ಕುಂಕುಮಾದಿ ತೈಲಕ್ಕೂ ಎಳ್ಳೆಣ್ಣೆಯೇ ಆಧಾರ. ಸೇಂಗಾ ಎಣ್ಣೆಯಲ್ಲಿ ಓಲಿಕ್ ಹೆಚ್ಚು. ಆಲಿವ್ ಎಣ್ಣೆಯಲ್ಲಿ ಇನ್ನೂ ಹೆಚ್ಚು. ಆಲಿವ್ ಎಣ್ಣೆ ಹಚ್ಚಿದ ಚರ್ಮದ ರಕ್ಷಣಾ ಪದರ ದುರ್ಬಲವಾಗುತ್ತದೆಂದು 2013ರ ಒಂದು ಅಧ್ಯಯನ ತೋರಿಸಿತು. ಸೂರ್ಯಕಾಂತಿ ಎಣ್ಣೆಯಿಂದ ಹಾಗಾಗಲಿಲ್ಲ. ಬೆಲೆ ಹೆಚ್ಚೆಂದರೆ ಗುಣ ಹೆಚ್ಚೆಂದೇನೂ ಇಲ್ಲ ನೋಡಿ.

ಕೊಬ್ಬರಿ ಎಣ್ಣೆಯ ಮಾತು ಬಂದರೆ ಮಂಗಳೂರು, ಉಡುಪಿಯವರಿಗೆ ಬೇಸರವಾಗಬಹುದು. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಲಾರಿಕ್ ಆಮ್ಲ ಪ್ರಯೋಗಶಾಲೆಯಲ್ಲಿ ಮೊಡವೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ನಿಜ. ಆದರೆ ಕೊಬ್ಬರಿ ಎಣ್ಣೆ ರಂಧ್ರ ಕಟ್ಟುವ ಎಣ್ಣೆಗಳ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇದೆ. ಒಂದು ಪಕ್ಕದ ಮಾತು: ಈ ಪಟ್ಟಿಗಳನ್ನು ಮೊದಮೊದಲು ತಯಾರಿಸಿದ್ದು ಮೊಲದ ಕಿವಿಯ ಮೇಲೆ ಎಣ್ಣೆ ಹಚ್ಚಿ ನೋಡಿ. ಮೊಲದ ಕಿವಿ ಮನುಷ್ಯನ ಕೆನ್ನೆಯಲ್ಲ, ಹಾಗಾಗಿ ಸೊನ್ನೆಯಿಂದ ಐದರವರೆಗಿನ ಆ ಅಂಕಗಳನ್ನು ಪರೀಕ್ಷೆಯ ಫಲಿತಾಂಶದಂತೆ ನಂಬಬೇಡಿ. ಆದರೂ ಮೊಡವೆ ಮುಖಕ್ಕೆ, ಅದೂ ಈ ತೇವದ ಊರಿನಲ್ಲಿ, ಕೊಬ್ಬರಿ ಎಣ್ಣೆ ಬೇಡವೆಂದೇ ನನ್ನ ಅಭಿಪ್ರಾಯ. ಕೈಕಾಲಿಗೆ ಧಾರಾಳವಾಗಿ ಹಚ್ಚಿ.

ಹರಳೆಣ್ಣೆ ಬಹಳ ಮಂದ, ಮುಖದ ಮೇಲೆ ಬಿಟ್ಟುಕೊಳ್ಳುವ ಎಣ್ಣೆಯಲ್ಲ. ಬೇವಿನೆಣ್ಣೆ? ಬೇವು ಎಂದ ಕೂಡಲೇ ನಮಗೆ ಭಕ್ತಿ ಬರುತ್ತದೆ. ಆದರೆ ನೇರವಾಗಿ ಹಚ್ಚಿದರೆ ಹಲವರಿಗೆ ಉರಿ, ಕೆಂಪು. ವಾಸನೆಯಂತೂ ಪಕ್ಕದ ಮನೆಗೂ ಗೊತ್ತಾಗುತ್ತದೆ. ಇನ್ನು ಚಿಕ್ಕ ಮಕ್ಕಳ ಹೊಟ್ಟೆಗೆ ಬೇವಿನೆಣ್ಣೆ ಸೇರಿದರೆ ಜೀವಕ್ಕೇ ಅಪಾಯ, ಬಾಟಲಿ ಅವರ ಕೈಗೆ ಸಿಗದಂತೆ ಇಡಿ. ಟೀ ಟ್ರೀ ಎಣ್ಣೆಯ ಹೆಸರನ್ನು ಈಗ ಎಲ್ಲ ಅಂಗಡಿಯಲ್ಲೂ ಕಾಣುತ್ತೀರಿ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರ ಮೇಲೆ ಶೇಕಡಾ 5ರ ಟೀ ಟ್ರೀ ಜೆಲ್ಲನ್ನು ಶೇಕಡಾ 5ರ ಬೆಂಜಾಯಿಲ್ ಪೆರಾಕ್ಸೈಡಿನ ಜೊತೆ ಹೋಲಿಸಿ ನೋಡಿದರು. ಎರಡರಿಂದಲೂ ಮೊಡವೆ ಇಳಿಯಿತು. ಟೀ ಟ್ರೀ ನಿಧಾನ, ಆದರೆ ಉರಿ ಕಡಿಮೆ. ಶೇಕಡಾ 5 ಎಂಬುದನ್ನು ಗಮನಿಸಿ. ಅಂಗಡಿಯ ಸಣ್ಣ ಬಾಟಲಿಯಲ್ಲಿರುವುದು ಅಪ್ಪಟ ಎಣ್ಣೆ, ಅದನ್ನು ಹಾಗೇ ಮುಖಕ್ಕೆ ಹಚ್ಚಬಾರದು. ಲವಂಗದೆಣ್ಣೆ, ನಿಂಬೆಯ ಸುಗಂಧ ತೈಲಗಳನ್ನಂತೂ ಮುಖದ ಹತ್ತಿರ ತರಲೇಬೇಡಿ.

ಹಚ್ಚುವ ಕ್ರಮ ಹೇಳುತ್ತೇನೆ. ರಾತ್ರಿ ಮಲಗುವ ಮುಂಚೆ ಮುಖ ತೊಳೆದು, ಒತ್ತಿ ಒರೆಸಿ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಎರಡು ಹನಿ, ಹೆಚ್ಚೆಂದರೆ ಮೂರು. ಅಂಗೈಯಲ್ಲಿ ತಿಕ್ಕಿ ಮೆಲ್ಲಗೆ ಒತ್ತಿ, ಮಸಾಜು ಬೇಡ. ಮೊದಲು ದವಡೆಯ ಅಂಚಿನಲ್ಲಿ ಒಂದು ಕಡೆ ಮಾತ್ರ ಹಚ್ಚಿ ನೋಡಿ. ಅಲರ್ಜಿಯಾಗುವುದಾದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಿಳಿಯುತ್ತದೆ. ರಂಧ್ರ ಕಟ್ಟುವುದು ಗೊತ್ತಾಗಲು ಮೂರು ನಾಲ್ಕು ವಾರ ಬೇಕು. ಮೊದಲ ವಾರದಲ್ಲಿ "ಅಬ್ಬಾ, ಎಷ್ಟು ನುಣುಪು" ಎಂದವರು ತಿಂಗಳ ಕೊನೆಗೆ ಬೈಯುವುದು ಇದಕ್ಕೇ. ಇನ್ನೊಂದು ವಿಷಯ, ಲಿನೋಲಿಕ್ ಹೆಚ್ಚಿರುವ ಎಣ್ಣೆ ಬೇಗ ಕಮಟುತ್ತದೆ. ವಿಜಯವಾಡದ ಬೇಸಿಗೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಕುಸುಬೆ ಎಣ್ಣೆ ಎಷ್ಟು ದಿನ ತಾಳೀತು? ಸಣ್ಣ ಕಂದು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ, ವಾಸನೆ ತಿರುಗಿದರೆ ಚೆಲ್ಲಿ. ಗಾಣದ ಎಣ್ಣೆಯೇ ಆಗಬೇಕೆಂಬ ಹಟ ಬೇಡ, ಕೊಬ್ಬಿನಾಮ್ಲದ ಲೆಕ್ಕದಲ್ಲಿ ರಿಫೈನ್ಡ್ ಎಣ್ಣೆಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಮುಖಕ್ಕೆ ಎಣ್ಣೆಯನ್ನೇ ಹಚ್ಚದವರ ಹಣೆಯ ಮೇಲೂ ಸಾಲುಸಾಲು ಗುಳ್ಳೆ ಇರುತ್ತದಲ್ಲ, ಅದೇಕೆ? ತಲೆ ನೋಡಿಕೊಳ್ಳಿ! ಬೆಳಿಗ್ಗೆ ತಲೆಗೆ ತಟ್ಟಿದ ಎಣ್ಣೆ ಮಧ್ಯಾಹ್ನದ ಬೆವರಿನ ಜೊತೆ ಹಣೆಗೆ ಇಳಿಯುತ್ತದೆ, ರಾತ್ರಿ ದಿಂಬಿನ ಮೂಲಕ ಕೆನ್ನೆಗೆ ಹತ್ತುತ್ತದೆ. ಅಮೆರಿಕದ ಚರ್ಮವೈದ್ಯರು 1970ರಲ್ಲೇ ಇದನ್ನು 'ಪೊಮೇಡ್ ಆ್ಯಕ್ನಿ' ಎಂದು ವಿವರಿಸಿದ್ದಾರೆ. ನಮ್ಮ ಕಡೆಯೂ ಇಲ್ಲಿಯೂ ಎಣ್ಣೆ ಹಚ್ಚಿ ಜಡೆ ಹಾಕದೆ ಹೆಣ್ಣುಮಕ್ಕಳನ್ನು ಹೊರಗೆ ಬಿಡದ ಮನೆಗಳು ಎಷ್ಟಿಲ್ಲ! ಅಂಥ ಮನೆಯ ತಾಯಂದಿರಿಗೆ ನನ್ನ ವಿನಂತಿ: ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಎಣ್ಣೆ ಹಚ್ಚಿ, ತೊಳೆದುಬಿಡಿ. ದಿಂಬಿನ ಚೀಲವನ್ನು ವಾರಕ್ಕೆರಡು ಸಲ ಬದಲಿಸಿ. ಎಷ್ಟೋ ಮಕ್ಕಳ ಹಣೆ ಇಷ್ಟಕ್ಕೇ ತಿಳಿಯಾಗುತ್ತದೆ. ಯುಗಾದಿ, ನರಕ ಚತುರ್ದಶಿಯ ಅಭ್ಯಂಜನಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಎಣ್ಣೆ ಮೈಮೇಲೆ ಉಳಿಯುವುದೇ ಇಲ್ಲ. ನಮ್ಮಲ್ಲಿ ಸೀಗೆಪುಡಿ, ಕಡಲೆಹಿಟ್ಟು, ಇವರಲ್ಲಿ ಸುನ್ನಿಪಿಂಡಿ, ಯಾವುದಾದರೂ ಅದನ್ನು ತೆಗೆದುಬಿಡುತ್ತದೆ. ಮೊಡವೆಯ ಮೇಲೆ ಮಾತ್ರ ಪುಡಿ ಹಾಕಿ ಉಜ್ಜಬೇಡಿ.

ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳೆದ್ದು ತುರಿಕೆಯೂ ಇದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಮಲಸೀಜಿಯಾ ಎಂಬ ಶಿಲೀಂಧ್ರದಿಂದ ಹೀಗಾಗುತ್ತದೆ, ಸೆಕೆಯ ಊರುಗಳಲ್ಲಿ ಸಾಮಾನ್ಯ. ಇದು ಕೊಬ್ಬಿನಾಮ್ಲ ತಿಂದು ಬದುಕುವ ಜೀವಿ. ಎಣ್ಣೆ ಹಚ್ಚಿದರೆ ಅದಕ್ಕೆ ಹಬ್ಬದೂಟ ಬಡಿಸಿದಂತೆ. ಇದಕ್ಕೆ ಬೇಕಾದ ಔಷಧಿಯೇ ಬೇರೆ.

ಈಗ ನಾನು ಈ ಲೇಖನ ಬರೆಯಲು ಮುಖ್ಯ ಕಾರಣಕ್ಕೆ ಬರುತ್ತೇನೆ. ಎಣ್ಣೆಯಿಂದ ಆಗುವ ತೊಂದರೆ ಎಣ್ಣೆ ಬಿಟ್ಟರೆ ಇಳಿಯುತ್ತದೆ. ಆದರೆ ಎಣ್ಣೆಯಲ್ಲಿ ಗುಣ ಕಾಣದೆ ಮೆಡಿಕಲ್ ಶಾಪಿನಲ್ಲಿ "ಏದೋ ಒಕ ಕ್ರೀಮ್ ಇವ್ವಂಡಿ" ಎಂದು ತರುವ ಟ್ಯೂಬಿನಿಂದ ಆಗುವುದು ಹಾಗಲ್ಲ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ವಾರದಲ್ಲಿ ಕೆಂಪು ಇಳಿದು ಮುಖ ಬೆಳ್ಳಗಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಗುಳ್ಳೆ ಏಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಟ್ಯೂಬಿನ ಮೇಲಿನ ಸಣ್ಣಕ್ಷರದಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಮೊಡವೆಗೆ ಹಚ್ಚಬೇಡಿ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿದ್ದರೆ ನೀವೇ ಥಟ್ಟನೆ ನಿಲ್ಲಿಸಲೂ ಬೇಡಿ, ಚರ್ಮವೈದ್ಯರನ್ನು ಕಂಡು ಅವರು ಹೇಳಿದಂತೆ ಬಿಡಿ.

ಎಣ್ಣೆ ಮೊಡವೆಗೆ ಔಷಧಿಯಲ್ಲ. ಔಷಧಿ ಬೇರೆ ಇದೆ, ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲಿನ್ ಇತ್ಯಾದಿ. ಇವು ಚರ್ಮವನ್ನು ಒಣಗಿಸಿ ಸಿಪ್ಪೆ ಏಳಿಸುತ್ತವೆ, ಅದಕ್ಕೆ ಹೆದರಿ ಎರಡೇ ವಾರಕ್ಕೆ ಬಿಡುವವರೇ ಜಾಸ್ತಿ. ಅವು ಫಲ ಕೊಡಲು ಎಂಟರಿಂದ ಹನ್ನೆರಡು ವಾರ ಬೇಕು. ನಿಮ್ಮ ಎರಡು ಹನಿ ಕುಸುಬೆ ಎಣ್ಣೆಗೆ ನಿಜವಾದ ಕೆಲಸ ಇರುವುದು ಇಲ್ಲಿ: ಆ ಒಣಕಲನ್ನು ತಡೆದುಕೊಳ್ಳಲು ಚರ್ಮಕ್ಕೊಂದು ಆಸರೆ. ವೈದ್ಯರನ್ನು ಕೇಳಿಯೇ ಹಚ್ಚಿ. ಗರ್ಭಿಣಿಯರು, ಮಗು ಬೇಕೆಂದಿರುವವರು ಆ ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಿ. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಮಾತ್ರೆ ಹೊಟ್ಟೆಯ ಮಗುವಿಗೆ ಗಂಭೀರ ಹಾನಿ ಮಾಡುತ್ತದೆ.

ಗಂಟಿನಂತೆ ಆಳವಾಗಿ ನೋಯುವ ಮೊಡವೆ, ಕುಳಿ ಬೀಳುತ್ತಿರುವ ಕೆನ್ನೆ, ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲೂ ಬರುತ್ತಿರುವ ಹುಡುಗಿಯರ ಮೊಡವೆ, ಇವು ಯಾವ ಎಣ್ಣೆಗೂ ಕಾಯುವಂಥವಲ್ಲ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಲ್ಲಿ, ವಿಜಯವಾಡದ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗಗಳಿವೆ. ಹೋಗುವಾಗ ಮುಖಕ್ಕೆ ಹಚ್ಚಿದ ಎಲ್ಲವನ್ನೂ, ಅಜ್ಜಿಯ ಎಣ್ಣೆ ಬಾಟಲಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತೆಲುಗಿನಲ್ಲಿ ವಿವರಿಸಲು ತಡವರಿಸಿದರೂ ಚೀಲ ನೋಡಿದರೆ ಅವರಿಗೆ ಅರ್ಧ ವಿಷಯ ತಿಳಿದುಹೋಗುತ್ತದೆ.