ತೆಂಗಿನ ಸಾಲಿನ ಕೋಳಿ, ಫೀಡಿನ ಲೆಕ್ಕ

ಅಜ್ಜಂಪುರ ಎಂದೊಡನೆ ನೆನಪಾಗುವುದು ಅಮೃತ ಮಹಲ್ ದನಗಳು. ಅವುಗಳ ತಳಿ ಸಂವರ್ಧನಾ ಕೇಂದ್ರ ಇರುವ ಊರಿದು. ನಾನು ಹೊರಟಿದ್ದು ಮಾತ್ರ ಕೋಳಿ ನೋಡಲು. ಈರುಳ್ಳಿ, ಮೆಕ್ಕೆಜೋಳ ಬೆಳೆಯುವ ಹೊಲಗಳ ನಡುವಿನ ಮಣ್ಣು ದಾರಿ ಮುಗಿಯುವಲ್ಲಿ ಒಂದು ತೆಂಗಿನ ತೋಟ. ಮರಗಳು ಗಂಡನ ಪಾಲಿಗೆ, ಕೋಳಿಗಳ ಜವಾಬ್ದಾರಿ ಪೂರ್ತಿ ಹೆಂಡತಿಯದು.

"ಬರ್ರಿ ಅಣ್ಣ, ಮೊದ್ಲು ಕಾಲು ಅದ್ರಿ" ಎಂದು ಗೇಟಿನ ಬಳಿಯ ಬೋಗುಣಿ ತೋರಿಸಿದರು. ಅದರಲ್ಲಿ ಸೋಂಕು ಕಳೆಯುವ ಔಷಧಿ ನೀರು. ಬೇರೆ ಕೋಳಿಮನೆ ತುಳಿದು ಬಂದ ಚಪ್ಪಲಿಯಲ್ಲೇ ಕೊಕ್ಕರೆ ರೋಗ ಬಂದುಬಿಡಬಹುದು.

ಮೊದಲು ಮರಿಗಳ ಕೋಣೆ. ತಗಡಿನ ದುಂಡನೆ ಕಟ್ಟು, ಒಳಗೆ ಭತ್ತದ ಹೊಟ್ಟಿನ ಹಾಸು, ಮೇಲೆ ಬಲ್ಬುಗಳು. ಹೊಸಬರು ಸೋಲುವುದು ಬಹುಪಾಲು ಇಲ್ಲೇ. ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು, ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸಬೇಕು. ಈ ಬಯಲುಸೀಮೆಯ ಜನವರಿ ರಾತ್ರಿಯಲ್ಲಿ ಕರೆಂಟ್ ಹೋದರೆ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಅದಕ್ಕೇ ಮೂಲೆಯಲ್ಲಿ ಇದ್ದಿಲ ಒಲೆ ಸಿದ್ಧವಿತ್ತು, ಹೊಗೆ ಹೋಗಲು ಮೇಲೆ ಕಿಂಡಿಯೂ ಇತ್ತು. ಆಕೆ ಒಂದು ಮರಿ ಎತ್ತಿ, ಕತ್ತಿನ ಬುಡದ ಮೇವಿನ ಚೀಲವನ್ನು ನನ್ನ ಬೆರಳಿಗೆ ಮುಟ್ಟಿಸಿದರು. ತುಂಬಿ ಮೆತ್ತಗಿತ್ತು. "ಗಟ್ಟಿ ಇದ್ರೆ ಮೇವು ತಿಂದೈತೆ, ನೀರು ಕುಡಿದಿಲ್ಲ ಅಂತ. ಖಾಲಿ ಇದ್ರೆ ಎರಡೂ ಇಲ್ಲ." ಮರಿ ಬಂದ ದಿನ ಸಂಜೆ ಹತ್ತಾರು ಮರಿಗಳನ್ನು ಹೀಗೆ ಮುಟ್ಟಿ ನೋಡುತ್ತಾರಂತೆ. ಲಸಿಕೆ ಪುಸ್ತಕ ಗೋಡೆಗೆ ನೇತುಬಿದ್ದಿತ್ತು: ಮೊದಲ ವಾರ ಲಸೋಟಾ, ಎರಡನೇ ವಾರ ಗಂಬೋರೊ, ನಾಲ್ಕನೇ ವಾರ ಮತ್ತೆ ಲಸೋಟಾ.

ತಳಿ ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾಲಯದ ಕೋಳಿ ವಿಜ್ಞಾನ ವಿಭಾಗ ಹಿತ್ತಿಲ ಸಾಕಣೆಗೆಂದೇ ರೂಪಿಸಿದ ಬಣ್ಣದ ಕೋಳಿ. 2005ರಲ್ಲಿ ಬಂದ ಸ್ವರ್ಣಧಾರಾ ಇದಕ್ಕಿಂತ ಹಗುರ, ನಾಯಿ ಬೆಕ್ಕಿನಿಂದ ತಪ್ಪಿಸಿಕೊಳ್ಳುವುದರಲ್ಲಿ ಚುರುಕು. ಮಾಂಸದ ತೂಕ ಬೇಕೆಂದು ಇವರು ಗಿರಿರಾಜಕ್ಕೇ ಅಂಟಿಕೊಂಡಿದ್ದಾರೆ.

ನಾಲ್ಕು ವಾರ ದಾಟಿದವು ಹೊರಗೆ, ತೆಂಗಿನ ಸಾಲಿನ ನಡುವೆ. ಬಲೆ ಕಟ್ಟಿ ತೋಟವನ್ನು ಪಟ್ಟಿಗಳಾಗಿ ಹಂಚಿದ್ದಾರೆ. ಒಂದರಲ್ಲಿ ಹುಲ್ಲು ಸವೆಯುತ್ತಿದ್ದಂತೆ ಮುಂದಿನದಕ್ಕೆ ಬಿಡುತ್ತಾರೆ. ಅಮೆರಿಕದ ವರ್ಜೀನಿಯಾದ ರೈತ ಜೋಯೆಲ್ ಸಲಾಟಿನ್ ತಳವಿಲ್ಲದ ಪಂಜರವನ್ನು ದಿನಾ ಹುಲ್ಲಿನ ಮೇಲೆ ಮುಂದಕ್ಕೆ ಎಳೆಯುವ ಪದ್ಧತಿಯನ್ನು 1993ರ ತಮ್ಮ ಪುಸ್ತಕದಲ್ಲಿ ಬರೆದರು. ಮರದ ಬೊಡ್ಡೆ, ಹನಿ ನೀರಾವರಿ ಪೈಪು ಇರುವ ನಮ್ಮ ತೋಟಗಳಿಗೆ ಬಲೆಯೇ ಸರಿ. ಗರಿಗಳ ಮರೆಯಲ್ಲಿ ಹದ್ದಿನ ಕಾಟ ಕಡಿಮೆ. ಮುಂಗುಸಿಗೆ ಮಾತ್ರ ಬಲೆಯ ಅಂಚನ್ನು ಮಣ್ಣಲ್ಲಿ ಹೂಳಲೇಬೇಕು, ಸಂಜೆ ಕೋಳಿಗಳನ್ನೆಲ್ಲ ಗೂಡಿಗೆ ಸೇರಿಸಲೇಬೇಕು.

ಆದರೆ ಹುಲ್ಲು ಮೇಯ್ದೇ ಕೋಳಿ ಬೆಳೆಯುತ್ತದೆ ಎಂದು ನಂಬಿ ಇಳಿಯಬೇಡಿ. ಖರ್ಚಿನ ದೊಡ್ಡ ಪಾಲು ಫೀಡಿನದೇ. ಫಾರಂ ಕೋಳಿ ಒಂದು ಕೆ.ಜಿ. ತೂಕಕ್ಕೆ ಎರಡು ಕೆ.ಜಿ.ಗಿಂತ ಕಡಿಮೆ ತಿಂದು, ಆರು ವಾರದೊಳಗೆ ಎರಡು ಕೆ.ಜಿ. ಮುಟ್ಟುತ್ತದೆ. ಗಿರಿರಾಜ ಹೆಚ್ಚು ಕಮ್ಮಿ ಮೂರು ಕೆ.ಜಿ. ತಿನ್ನುತ್ತದೆ, ಬೆಳೆಯಲು ದಿನಗಳೂ ಹೆಚ್ಚು ಬೇಕು. ಎರಡು ಕೆ.ಜಿ.ಯ ನೂರು ಕೋಳಿಗೆ ಆರುನೂರು ಕೆ.ಜಿ., ಅಂದರೆ ಐವತ್ತರ ಹನ್ನೆರಡು ಮೂಟೆ. ಸೊಪ್ಪು, ಗೆದ್ದಲು, ಹುಳ ಅದರಲ್ಲಿ ಒಂದಿಷ್ಟು ಉಳಿಸುತ್ತವೆ, ಅಷ್ಟೇ. ಮನೆಯ ಮೆಕ್ಕೆಜೋಳವೊಂದನ್ನೇ ಹಾಕಿದರೂ ಆಗದು: ಅದರಲ್ಲಿ ಪ್ರೋಟೀನು ನೂರಕ್ಕೆ ಎಂಟೊಂಬತ್ತು, ಮರಿಗೆ ಬೇಕಾದ್ದು ಇಪ್ಪತ್ತು. ಸೋಯಾ ಹಿಂಡಿ, ಖನಿಜ ಮಿಶ್ರಣ ಸೇರಲೇಬೇಕು. ಬೂಷ್ಟು ಹಿಡಿದ ಜೋಳ ವಿಷ.

ಹಾಗಾಗಿ ಫಾರಂ ಕೋಳಿಯ ದರಕ್ಕೆ ಮಾರಿದರೆ ನಷ್ಟ ಕಟ್ಟಿಟ್ಟದ್ದು. ನಾಟಿ ಎಂದು ಹೇಳಿ ಹೆಚ್ಚು ದರ ಕೇಳುವವರಿದ್ದಾರೆ. ಈಕೆ ಒಪ್ಪುವುದಿಲ್ಲ. "ಗಿರಿರಾಜ, ತೋಟದಾಗೆ ಮೇಯ್ದಿದ್ದು ಅಂತ ಹೇಳೇ ಕೊಡ್ತೀನಿ. ತಿಂದೋರು ಮತ್ತೆ ಬರ್ತಾರೆ." ಆ ನಿಲುವು ನನಗೆ ಬಹಳ ಹಿಡಿಸಿತು, ಸಣ್ಣ ಸಾಕಣೆದಾರರಿಗೆ ಮಾತೇ ಬಂಡವಾಳ.

ಮರಿ ತರುವ ದಿನವನ್ನು ಅವರು ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿ ಗೊತ್ತು ಮಾಡುತ್ತಾರೆ. ಯುಗಾದಿಯ ಹೊಸತೊಡಕಿಗೆ ಮಾರಬೇಕೆಂದರೆ ಹನ್ನೆರಡು ವಾರ ಮೊದಲೇ ಮರಿ ಕೋಣೆಯಲ್ಲಿರಬೇಕು. ಶ್ರಾವಣದಲ್ಲಿ ಕೊಳ್ಳುವವರು ಕಡಿಮೆ; ಆಗ ಹೊಟ್ಟನ್ನೆಲ್ಲ ತೆಗೆದು ತೆಂಗಿನ ಬುಡಕ್ಕೆ ಹಾಕಿ, ಕೋಣೆಗೆ ಸುಣ್ಣ ಬಳಿದು ಖಾಲಿ ಬಿಡುತ್ತಾರೆ.