ಕ್ಲಚ್ ಬಿಟ್ಟಾಗ ‘ಟಕ್’ ಅಂತಿದೆಯೇ? ತರಕಾರಿ ವ್ಯಾನಿನ ಶಾಫ್ಟ್ ಬೇರಿಂಗ್ ನೋಡಿ



ಈ ವಾರ ಗೊಬ್ಬರ, ಕೀಟ, ರೋಗ ಯಾವುದೂ ಇಲ್ಲ. ಬೆಳೆದದ್ದನ್ನು ಪೇಟೆಗೆ ಮುಟ್ಟಿಸುವ ಗಾಡಿಯ ಮಾತು.

ನನ್ನದು ಹಳೇ ಮಾರುತಿ ಓಮ್ನಿ ಕಾರ್ಗೊ. ಶನಿವಾರ ನಸುಕಿನಲ್ಲಿ ಕೊಯ್ದ ಸೊಪ್ಪನ್ನು ಕನಕಪುರ ರಸ್ತೆ ಹಿಡಿದು ಜೆ.ಪಿ. ನಗರ, ಜಯನಗರದ ಮನೆಗಳಿಗೆ ತಲುಪಿಸುತ್ತೇನೆ. ಹೋದ ಮಳೆಗಾಲ ಕಳೆದ ಮೇಲೆ, ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಕೆಳಗಿಂದ ‘ಟಕ್’ ಅನ್ನೋದು. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. “ಹಳೇ ಗಾಡಿ ಸಾರ್, ಸದ್ದು ಇದ್ದಿದ್ದೇ” ಅಂದರು. ನನಗೂ ಅದೇ ಉತ್ತರ ಬೇಕಿತ್ತು, ಖರ್ಚು ಉಳೀತು ಅಂತ ಸುಮ್ಮನಾದೆ. ಎರಡು ತಿಂಗಳಾದ ಮೇಲೆ ಕೋಣನಕುಂಟೆ ಕ್ರಾಸ್ ಹತ್ತಿರ ಶಾಫ್ಟಿನ ಕ್ರಾಸ್ ಮುರಿಯಿತು. ಇಂಜಿನ್ ಓಡ್ತಿದೆ, ಚಕ್ರ ತಿರುಗ್ತಿಲ್ಲ. ಬಿಸಿಲು ಏರುತ್ತಾ ಹಿಂದೆ ಇದ್ದ ದಂಟು, ಪಾಲಕ್ ಎಲ್ಲಾ ಬಾಡಿ ಹೋಯಿತು. ಮುರಿದದ್ದು ಹಿಂದಿನ ತುದಿ ಅನ್ನೋದು ಪುಣ್ಯ. ವೇಗದಲ್ಲಿರುವಾಗ ಮುಂದಿನ ತುದಿ ಕಳಚಿ ರಸ್ತೆಗೆ ಊರಿದರೆ ಗಾಡಿಯೇ ಎಗರಬಹುದು.

ಸವೆಯುವುದು ಯಾವುದು?

ಓಮ್ನಿಯಲ್ಲಿ ಇಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ. ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. ಚಕ್ರ ಗುಂಡಿಗೆ ಬಿದ್ದು ಎದ್ದಂತೆಲ್ಲ ಶಾಫ್ಟ್ ಬಾಗಿಕೊಳ್ಳಬೇಕಲ್ಲ, ಅದಕ್ಕೇ ಎರಡು ತುದಿಗೂ ಕೂಡು ಚಿಹ್ನೆಯ ಆಕಾರದ ಕ್ರಾಸ್ ಇರುತ್ತದೆ. ಅದರ ನಾಲ್ಕು ತೋಳಿಗೆ ನಾಲ್ಕು ಕಪ್, ಕಪ್ ಒಳಗೆ ಸೂಜಿಯಂಥ ನೀಡಲ್ ಬೇರಿಂಗ್.

ಈ ಸೂಜಿಗಳು ಪೂರ್ತಿ ಸುತ್ತು ಹೊಡೆಯುವುದಿಲ್ಲ, ಇದ್ದಲ್ಲೇ ಚೂರು ಚೂರು ಹೊರಳಾಡುತ್ತವೆ. ಗ್ರೀಸ್ ಒಣಗಿದರೆ ಅದೇ ಜಾಗದಲ್ಲಿ ಒತ್ತಿ ಒತ್ತಿ ತೋಳಿನ ಮೇಲೆ ಗೆರೆ ಕೊರೆಯುತ್ತವೆ. ತೋಟದ ಕೆಸರು, ನಗರದ ಮಳೆನೀರು ಸೀಲ್ ದಾಟಿ ಒಳಗೆ ಹೋದರೆ ತುಕ್ಕು. ಮೇಲೆ ಅತಿ ಭಾರ ಹೇರಿದರೆ ಆಯಸ್ಸು ಇನ್ನೂ ಕಡಿಮೆ.

ಪತ್ತೆ ಹಚ್ಚೋದು ಹೇಗೆ?

• ಗಾಡಿ ಹೊರಡುವಾಗ, ಮುಂದೆ–ರಿವರ್ಸ್ ಬದಲಿಸುವಾಗ ‘ಟಕ್’.
• ನಿಧಾನಕ್ಕೆ ಹೋಗುವಾಗ ಹಕ್ಕಿ ಕೂಗಿದಂತೆ ‘ಚಿಕ್ ಚಿಕ್’. ಇದು ಒಣಗಿದ ಬೇರಿಂಗ್.
• ವೇಗ ಹೆಚ್ಚಿದಂತೆ ನೆಲದಲ್ಲಿ ನಡುಕ.
• ಕಪ್ ಸುತ್ತ ಕೆಂಪು ತುಕ್ಕಿನ ಪುಡಿ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ಗೆ ಹಾಕಿ. ಜಾಯಿಂಟಿನ ಎರಡು ಬದಿಯನ್ನೂ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಕ್ರಾಸಿನಲ್ಲಿ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಬದಲಿಸಲೇಬೇಕು. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಮಲಗಬೇಡಿ.

ರಿಪೇರಿ ನಡೆದ ಬಗೆ

ಬನಶಂಕರಿ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಈ ಕೆಲಸ ಮಾಡಿಕೊಟ್ಟರು. ಓಮ್ನಿ ತಯಾರಿಕೆ 2019ಕ್ಕೇ ನಿಂತಿದ್ದರೂ ಬಿಡಿಭಾಗ ಸಿಗುತ್ತದೆ. ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ಕ್ರಾಸನ್ನೇ ಕೈಯಲ್ಲಿ ಹಿಡಿದು ಹೋಗಿ, ಅಳತೆ ನೋಡಿ ತನ್ನಿ. ಒಂದು ಮುರಿದಿದ್ದರೂ ಎರಡನ್ನೂ ಬದಲಿಸಿ, ಎರಡಕ್ಕೂ ಆಗಿರೋದು ಒಂದೇ ವಯಸ್ಸು. ಗ್ರೀಸ್ ನಿಪ್ಪಲ್ ಇರುವಂಥದ್ದು ಸಿಕ್ಕರೆ ಒಳ್ಳೇದು.

1. ಬಿಚ್ಚುವ ಮುಂಚೆ ಶಾಫ್ಟಿಗೂ ಫ್ಲಾಂಜಿಗೂ ಬಣ್ಣದಲ್ಲಿ ಗುರುತು ಹಾಕಿ. ಹಾಗೇ ಕೂಡಿಸದಿದ್ದರೆ ಬ್ಯಾಲೆನ್ಸ್ ತಪ್ಪಿ ಗಾಡಿ ನಡುಗುತ್ತದೆ.
2. ಶಾಫ್ಟ್ ಎಳೆದಾಗ ಗೇರ್‌ಬಾಕ್ಸ್ ಆಯಿಲ್ ಸುರಿಯುತ್ತದೆ, ಕೆಳಗೆ ಡಬ್ಬ ಇಡಿ. ಆಮೇಲೆ ಮಟ್ಟ ನೋಡಿ ತುಂಬಿಸಿ.
3. ಸರ್ಕ್ಲಿಪ್ ತೆಗೆದು, ವೈಸ್‌ನಲ್ಲಿ ಒಂದು ಬದಿ ಚಿಕ್ಕ ಸಾಕೆಟ್, ಇನ್ನೊಂದು ಬದಿ ದೊಡ್ಡ ಸಾಕೆಟ್ ಇಟ್ಟು ಕಪ್ ಒತ್ತಿ ತೆಗೆಯಬೇಕು. ಸುತ್ತಿಗೆಯಲ್ಲಿ ಬಡಿದರೆ ಶಾಫ್ಟಿನ ಕಿವಿ ಬಾಗುತ್ತದೆ, ಹೊಸ ಕ್ರಾಸೂ ಬಾಳುವುದಿಲ್ಲ.
4. ಹೊಸ ಕಪ್ಪಿನ ಸೂಜಿಗಳು ಜಾಗದಲ್ಲೇ ನಿಲ್ಲುವಂತೆ ಗ್ರೀಸ್ ಹಚ್ಚಿ, ಎರಡೂ ಕಡೆ ಸಮವಾಗಿ ಒತ್ತಿ. ಸರ್ಕ್ಲಿಪ್ ತನ್ನ ಗಾಡಿಯಲ್ಲಿ ಕೂರದಿದ್ದರೆ ಒಳಗೆ ಒಂದು ಸೂಜಿ ಅಡ್ಡ ಬಿದ್ದಿರುತ್ತದೆ. ಬಲ ಹಾಕಬೇಡಿ, ಬಿಚ್ಚಿ ನೋಡಿ.
5. ಕೊನೆಗೆ ಜಾಯಿಂಟನ್ನು ಕೈಯಲ್ಲಿ ಎಲ್ಲ ಕಡೆ ಆಡಿಸಿ. ಸಲೀಸಾಗಿ ಬಾಗಬೇಕು, ಆದರೆ ಅಲ್ಲಾಡಬಾರದು.

ಹಳೇ ಕ್ರಾಸನ್ನು ನನ್ನ ಕೈಗಿಟ್ಟು ಅವರು ಅಂದದ್ದು: “ಉಗುರಲ್ಲಿ ಕೆರೆದು ನೋಡಿ ಸಾರ್.” ತೋಳಿನ ಮೇಲೆ ಸಾಲು ಸಾಲು ಗೆರೆ ಉಗುರಿಗೆ ಸಿಕ್ಕಿತು. ಒಂದೊಂದು ಗೆರೆಯೂ ನಾನು ಕೇಳಿಯೂ ಕೇಳದಂತಿದ್ದ ಒಂದೊಂದು ‘ಟಕ್’. ಎಲೆ ಹಳದಿಯಾದರೆ ಬೇರು ನೋಡಿ ಅಂತ ನಿಮಗೆಲ್ಲ ಬರೆಯುವವನು ನಾನೇ! ಎರಡು ಕ್ರಾಸು, ಕೂಲಿ ಎಲ್ಲಾ ಸೇರಿದರೂ ಆ ಒಂದು ಶನಿವಾರ ಹಾಳಾದ ಸೊಪ್ಪಿನ ಬೆಲೆಗಿಂತ ಕಡಿಮೆಯೇ ಆಯಿತು.

ನಿಮ್ಮ ರೋಟವೇಟರ್‌ಗೂ ಇದೇ ಮಾತು

ಟ್ರ್ಯಾಕ್ಟರ್‌ನಿಂದ ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟಿನಲ್ಲೂ ಇಂಥದ್ದೇ ಕ್ರಾಸ್ ಇದೆ. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಕೆಲಸ ಇರುವ ದಿನ ಬೆಳಗ್ಗೆ ಇಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಎರಡೂ ಕ್ರಾಸಿಗೆ ಗ್ರೀಸ್ ಗನ್ ಹಿಡಿಯಿರಿ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸಿ. ಪಂಚೆಯ ಅಂಚು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ನಾಳೆ ಲೋಡ್ ಹಾಕುವ ಮುಂಚೆ ಐದು ನಿಮಿಷ ಗಾಡಿ ಕೆಳಗೆ ಬಗ್ಗಿ ನೋಡಿ. ಅಷ್ಟು ಸಾಕು.